ಟೊಮೇಟೊ ಗಾಡಿಯಲ್ಲಿ ಬಂದ ಹಾರ್ಮೋನಿಯಂ

ನಾಟಕದ ಮೇಷ್ಟ್ರ ಎಡಗೈ ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ತೊಡೆಯ ಮೇಲೆ, ಹೋಟೆಲಿನಲ್ಲಿ ಕೂತರೆ ಮೇಜಿನ ಅಂಚಿನಲ್ಲಿ, ಹಾರ್ಮೋನಿಯಂ ತಿದಿ ಒತ್ತುವ ಹಾಗೆ ಮುಚ್ಚಿ ತೆರೆಯುತ್ತಲೇ ಇರುತ್ತಿತ್ತು. ಅಂಗೈ ಬುಡದ ಚರ್ಮ ದಪ್ಪಗಟ್ಟಿ ಹೊಳೆಯುತ್ತಿತ್ತು. ಗೊತ್ತಿಲ್ಲದವರು ಅದನ್ನು ಏನೋ ನರದ ಕಾಯಿಲೆ ಅಂದುಕೊಂಡು ಪಾಪ ಅನ್ನುತ್ತಿದ್ದರು.

ಅವರು ಹನೂರಿನವರು. ಹನೂರು, ಕೊಳ್ಳೇಗಾಲ, ಯಳಂದೂರು ಮೂರೂ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದರು. ಊರಿನ ಗಂಡಸರು ಪಾತ್ರ ಹಂಚಿಕೊಂಡು, ಹೊಲದ ಕೆಲಸ ಮುಗಿಸಿ ಬಂದು, ತಿಂಗಳುಗಟ್ಟಲೆ ಹಾಡು ಮಾತು ಕಲಿಯುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ನಮ್ಮಂಥವರನ್ನು ಕರೆಸುತ್ತಾರೆ. ನಾನು ಕೊಳ್ಳೇಗಾಲದಲ್ಲಿ ಮನೆ ಮಾಡಿಕೊಂಡು ಇಪ್ಪತ್ತು ವರ್ಷ ಹಾಗೆ ಹೋಗಿ ಬಂದವಳು. ನಾನು ಯಾವ ಕಂಪನಿಗೂ ಸೇರಿದವಳಲ್ಲ, ತಿಂಗಳ ಸಂಬಳವೂ ಇರಲಿಲ್ಲ. ಯಾರು ಕರೆದರೆ ಅವರ ಊರಿನ ರಾಣಿ.

ಕಲಿಸುವಾಗ ಮೇಷ್ಟ್ರು ಕೆನ್ನೆಯೊಳಗೆ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದರು. ಯಾರಾದರೂ ಗಂಟಲು ಹರಿಯುವ ಹಾಗೆ ಕಿರುಚಿದರೆ ಹಾರ್ಮೋನಿಯಂ ಪೆಟ್ಟಿಗೆ ನಿಲ್ಲಿಸಿ, "ಕೂಗಾಕೆ ಮೈಕ್ ಅದೆ ಕಣಪ್ಪ, ನೀನು ಪದ ಆಡು ಸಾಕು" ಅನ್ನುತ್ತಿದ್ದರು. ಬೈದದ್ದನ್ನು ನಾನು ಕೇಳಿಲ್ಲ. ಚೆನ್ನಾಗಿದೆ ಅಂದದ್ದನ್ನೂ ಕೇಳಿಲ್ಲ.

ಕೊರೊನಾ ಬಂದ ವರ್ಷ ಯುಗಾದಿ ಹೊತ್ತಿಗೆ ಎಲ್ಲ ನಿಂತಿತು. ಬೇಸಿಗೆಯೇ ನಮಗೆ ಸುಗ್ಗಿ. ಒಪ್ಪಿಕೊಂಡ ನಾಟಕಗಳು ಒಂದೊಂದಾಗಿ ಬಿದ್ದುಹೋದವು. ನನ್ನ ಜೊತೆಯ ಒಬ್ಬಳು ಸೊಪ್ಪು ಮಾರಲು ಹೊರಟಳು. ಸ್ವಲ್ಪ ಸಡಿಲವಾದ ಮೇಲೆ ನಾನು ರೇಷ್ಮೆ ನೂಲು ತೆಗೆಯುವ ಕಡೆ ಗೂಡು ಆರಿಸುವ ಕೆಲಸಕ್ಕೆ ಸೇರಿದೆ. ಈಗೆಲ್ಲ ಮೊಬೈಲಿನಲ್ಲೇ ನಡೆಯುತ್ತದೆ ಎಂದು ಮಗಳು ಹೇಳಿದಳು. ಕಿರೀಟ ಇಟ್ಟು, ಸೀರೆ ಉಟ್ಟು, ಅಡುಗೆಮನೆಯ ಬಾಗಿಲಿಗೆ ಪರದೆ ಕಟ್ಟಿ ಒಂದು ಹಾಡು ಹಾಡಿದೆ. ಮಗಳು ಅದನ್ನು ವಿಡಿಯೋ ಮಾಡಿ ಹಾಕಿದಳು. ಅದರ ಕೆಳಗೆ ಯಾರೋ, "ಈ ಅಜ್ಜಿಗೆ ಯಾಕೆ ಕಿರೀಟ" ಎಂದು ಬರೆದಿದ್ದರು. ಎರಡನೆಯದು ಮಾಡಲಿಲ್ಲ.

ಮಾರನೇ ದಿನ ಮೇಷ್ಟ್ರ ಫೋನು ಬಂತು.

"ನೋಡ್ದೆ ಕಣವ್ವ. ಸುತಿ ಸರಿಯಾಗೇ ಅದೆ. ಆದ್ರೆ ರಾಣಿ ಪಾತ್ರ ಇನ್ನೆಷ್ಟ್ ದಿವ್ಸ ಮಾಡೀಯೆ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಬ್ಯಾಸ್ರ ಮಾಡ್ಕಬ್ಯಾಡ. ಮೊದ್ಲು ರಾಣಿ, ಆಮೇಕೆ ರಾಜನ ತಾಯಿ, ಅದಾದ್ಮೇಲೆ ಯಾರೂ ಫೋನ್ ಮಾಡಾಕಿಲ್ಲ. ಎಷ್ಟೋ ಜನ್ವ ನೋಡಿವ್ನಿ. ನೀನು ಪೆಟ್ಗೆ ಕಲಿ. ಪೆಟ್ಗೆ ಮುಂದೆ ಕೂತೋರ ವಯಸ್ಸ ಯಾರೂ ಕೇಳಾಕಿಲ್ಲ."

"ಹೆಂಗ್ಸು ಮೇಷ್ಟ್ರನ್ನ ಯಾವೂರೋರು ಕರೀತಾರೆ ಮೇಷ್ಟ್ರೇ?"

"ಅದು ಆಮೇಕಿನ ಮಾತು. ಮೊದ್ಲು ಬೆರಳು ಓಡ್ಲಿ."

ಆ ವಾರವೇ ಹನೂರಿನಿಂದ ಕೊಳ್ಳೇಗಾಲದ ಮಾರುಕಟ್ಟೆಗೆ ಬಂದ ಟೊಮೇಟೊ ಗಾಡಿಯವನು ಫೋನ್ ಮಾಡಿ ನನ್ನನ್ನು ಕರೆದ. ಬಸ್ಸು ಇನ್ನೂ ಬಿಟ್ಟಿರಲಿಲ್ಲ, ತರಕಾರಿ ಗಾಡಿಗಳು ಓಡಾಡುತ್ತಿದ್ದವು. ಕ್ರೇಟುಗಳ ನಡುವೆ, ಮೇಷ್ಟ್ರ ಹೆಂಡತಿಯ ಹಳೇ ಸೀರೆಯಲ್ಲಿ ಸುತ್ತಿ ಕಳಿಸಿದ್ದ ಹಾರ್ಮೋನಿಯಂ ಇತ್ತು. "ಚೆಕ್‌ಪೋಸ್ಟಲ್ಲಿ ಬಿಚ್ಚಿಸಿದ್ರು ಕಣಕ್ಕ. ಪೊಲೀಸ್ನೋರು ಒಂದ್ಸಲ ಒತ್ತಿ ನೋಡಿ ಬುಟ್ರು" ಅಂದ. ಒಂದು ಮೂಲೆಗೆ ಟೊಮೇಟೊ ರಸ ಅಂಟಿತ್ತು.

ಕೆಲಸ ಮುಗಿಸಿ ಬಂದು, ಕೈಯ ಗೂಡಿನ ವಾಸನೆ ಹೋಗುವ ತನಕ ತೊಳೆದು, ಫೋನನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ಕೂರುತ್ತಿದ್ದೆ. ಮೇಷ್ಟ್ರ ಹಾಡಿಗೆ ಜೊತೆಯಲ್ಲೇ ನುಡಿಸಲು ಆಗುತ್ತಿರಲಿಲ್ಲ, ಫೋನಿನಲ್ಲಿ ದನಿ ತಡವಾಗಿ ಬರುತ್ತಿತ್ತು. ಅದಕ್ಕೆ ಅವರು ಒಂದು ಸಾಲು ಹಾಡುವುದು, ನಾನು ಅದನ್ನು ನುಡಿಸುವುದು. ತಪ್ಪಾದರೆ ಆ ಕಡೆಯಿಂದ "ಊಹೂಂ" ಬರುತ್ತಿತ್ತು. ಸರಿಯಾದರೆ ಮುಂದಿನ ಸಾಲು. ಮೊದಮೊದಲು ಬರೀ ಊಹೂಂ ಕೇಳಿ, ಪೆಟ್ಟಿಗೆಯನ್ನು ವಾಪಸ್ ಕಳಿಸಿಬಿಡೋಣ ಅನ್ನಿಸಿದ್ದುಂಟು. ಮುಂದಿನ ಬೇಸಿಗೆಯ ಹೊತ್ತಿಗೆ ಇಡೀ ನಾಟಕದ ಹಾಡುಗಳು ಕೈಗೆ ಬಂದಿದ್ದವು.

ಆ ಬೇಸಿಗೆಯಲ್ಲಿ ಮೇಷ್ಟ್ರಿಗೂ ಕೊರೊನಾ ಬಂತು. ಮನೆಯಲ್ಲೇ ಮಲಗಿ ಸುಧಾರಿಸಿಕೊಂಡರು. ನಾಟಕಕ್ಕೆ ಮತ್ತೆ ಅಪ್ಪಣೆ ಸಿಕ್ಕಾಗ ಯಳಂದೂರು ಕಡೆ ಮಾಂಬಳ್ಳಿ ಪಕ್ಕದ ಒಂದು ಊರಿನವರು ಕಲಿಸಲು ಅವರನ್ನು ಕರೆದರು. ಮೇಷ್ಟ್ರು ನನಗೆ ಫೋನ್ ಮಾಡಿದರು.

"ಆ ಕಾಯ್ಲೆ ಬಂದಾಗ್ಲಿಂದ ಉಸ್ರು ಕಟ್ತದೆ ಕಣವ್ವ. ಪೆಟ್ಗೆ ಮುಂದೆ ಕೂರಾಕಾಗಲ್ಲ. ನೀ ಓಗು, ನಾ ಅವ್ರಿಗೆ ಏಳಿವ್ನಿ."

ಹೋದೆ. ಊರಿನ ಭಜನೆ ಮನೆಯಲ್ಲಿ ಎಲ್ಲರೂ ಕೂತಿದ್ದರು. ರಾಜನ ಪಾತ್ರದವರು ಪಂಪ್‌ಸೆಟ್ ರಿಪೇರಿ ಮಾಡುವವರು, ಗಟ್ಟಿ ಆಳು. ನನ್ನನ್ನೂ ಪೆಟ್ಟಿಗೆಯನ್ನೂ ನೋಡಿ, "ನಾವು ಕೇಳಿದ್ದು ಮೇಷ್ಟ್ರ, ರಾಣಿನಲ್ಲ" ಅಂದರು. ಎದ್ದು ಹೊರಗೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದರು. ಆ ಕಡೆಯಿಂದ ಏನು ಹೇಳಿದರೋ, ವಾಪಸ್ ಬಂದು ಕೂತು, "ಸುರು ಮಾಡಿ ಮತ್ತೆ" ಅಂದರು.

ಮೊದಲ ಹಾಡಿನಲ್ಲೇ ಅವರ ಶ್ರುತಿ ಜಾರಿತು. ನಿಲ್ಲಿಸಿದೆ. ಇನ್ನೊಮ್ಮೆ ಜಾರಿತು, ಇನ್ನೊಮ್ಮೆ ನಿಲ್ಲಿಸಿದೆ. ಉಳಿದವರು ನಗುವುದಕ್ಕೂ ಹೆದರಿ ನೆಲ ನೋಡುತ್ತಿದ್ದರು. ಅವರು ನನ್ನನ್ನೇ ದುರುಗುಟ್ಟಿ ನೋಡಿ, ಕೊನೆಗೆ, "ಎಲ್ಲಿಂದ ಇಡೀಬೇಕು, ತೋರ್ಸಿ" ಅಂದರು. ಅವರ ಗಂಟಲಿಗೆ ಹೊಂದುವ ಕಡೆ ಶ್ರುತಿ ಇಳಿಸಿದೆ. ಆಮೇಲೆ ಪ್ರಾಕ್ಟೀಸು ನಡೆದುಕೊಂಡು ಹೋಯಿತು.

ರಾತ್ರಿ ಜನ ಸೇರುವ ಹಾಗಿರಲಿಲ್ಲ, ಹಗಲಲ್ಲೇ ನಾಟಕ ಇಟ್ಟರು. ಮೇಷ್ಟ್ರು ಬಸ್ಸಿನಲ್ಲಿ ಬಂದಿಳಿದರು. ಮಾಸ್ಕು ಗಲ್ಲದ ಕೆಳಗಿತ್ತು. ನಾನು ಪೆಟ್ಟಿಗೆ ಬಿಟ್ಟು ಎದ್ದೆ. "ಕೂತ್ಕೊ" ಅಂದು ತಾಳ ತೆಗೆದುಕೊಂಡು ನನ್ನ ಹಿಂದೆ ಕೂತರು. ನಲವತ್ತು ವರ್ಷ ಪೆಟ್ಟಿಗೆಯ ಮುಂದೆ ಕೂತವರು ಆ ದಿನ ಪೂರ್ತಿ ತಾಳ ಹಾಕಿದರು. ಪ್ರಾರ್ಥನೆಯ ಹಾಡನ್ನು ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲೂ ಬಿಡದೆ ಹಾಡಿದರು. ಇವತ್ತು ಉಸಿರು ಪರವಾಗಿಲ್ಲ ಅಂದುಕೊಂಡೆ. ಮುಗಿದ ಮೇಲೆ, "ಮೂರ್ನೆ ಹಾಡು ವಸಿ ಓಡ್ತು" ಎಂದಷ್ಟೇ ಹೇಳಿ ಹನೂರಿಗೆ ಹೊರಟರು.

ಆಮೇಲೆ ಯಳಂದೂರು ಕಡೆಯ ಊರುಗಳು ಒಂದೊಂದಾಗಿ ನನ್ನನ್ನು ಕರೆದವು. ಮಗಳ ಓದು ಅದರಲ್ಲೇ ಮುಗಿಯಿತು. ಮೇಷ್ಟ್ರು ಮಾತ್ರ ಆ ಕಡೆಗೆ ಮತ್ತೆ ಕಲಿಸಲು ಬರಲಿಲ್ಲ.

ಹೋದ ವರ್ಷ ಒಂದು ಬೆಳಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದ ಮೇಷ್ಟ್ರು ಅಲ್ಲೇ ಕುಸಿದು ತೀರಿಕೊಂಡರಂತೆ. ಆಗ ನಾನು ಮಾಂಬಳ್ಳಿ ಕಡೆಯೇ ಇದ್ದೆ. ಪಂಪ್‌ಸೆಟ್‌ನವರು ತಮ್ಮ ಬೈಕಿನಲ್ಲಿ ನನ್ನನ್ನು ಹನೂರಿಗೆ ಕರೆದುಕೊಂಡು ಹೋದರು.

ಮೇಷ್ಟ್ರ ಹೆಂಡತಿ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತು, "ಉಸಿರಿನ ತೊಂದರೆ ಇತ್ತಲ್ಲಮ್ಮ, ಅದೇ ಜಾಸ್ತಿ ಆಯ್ತೇನೋ" ಅಂದೆ.

ಅವರು ನನ್ನ ಮುಖ ನೋಡಿದರು. "ಯಾವ ಉಸ್ರಿನ ತೊಂದ್ರೆ? ಕಾಯ್ಲೆ ವಾಸಿಯಾದ್ಮೇಲೆ ದಿನಾ ಕೆರೆ ಏರಿ ಗಂಟ ಗಟ್ಟಿಯಾಗಿ ಪದ ಆಡ್ಕಂಡು ಓಗಿ ಬರೋರು. ಆ ಮಾಂಬಳ್ಳಿ ಕಡೆಯೋರು ಕರ್ದಾಗ ಓಗಿ ಅಂತ ನಾನೇ ಅಂದೆ. ನಾನೇ ಅಲ್ಲಿಗೋದ್ರೆ ಅವಳ್ನ ಯಾರು ಕರ್ದಾರು ಅಂದ್ರು."

ಒಳಗಿನಿಂದ ಯಾರೋ ಕರೆದರು, ಅವರು ಎದ್ದು ಹೋದರು. ನಾನು ಜಗಲಿಯಲ್ಲೇ ಕೂತಿದ್ದೆ. ಅಷ್ಟು ವರ್ಷವೂ ಫೋನು ಮಾಡಿದಾಗಲೆಲ್ಲ, "ಉಸಿರು ಹೇಗಿದೆ ಮೇಷ್ಟ್ರೇ" ಎಂದು ಕೇಳುತ್ತಿದ್ದೆ. ಅವರು ಆ ಕಡೆಯಿಂದ ಸ್ವಲ್ಪ ಕೆಮ್ಮಿ ತೋರಿಸುತ್ತಿದ್ದರು.