ಮರಮ್ಮ ಹೊತ್ತು ತಂದ ನೀರು

ಕೆಂಪಾಜಮ್ಮ ಒಮ್ಮೆ ಬಾಗಿಲಿಗೆ ಅಡ್ಡ ಕೂತಳೆಂದರೆ ಅವಳನ್ನು ಎಬ್ಬಿಸುವುದು ಅಮಲ್ದಾರರ ಕೈಯಲ್ಲೂ ಆಗದ ಮಾತು ಎಂದು ಹುಣಸೂರಿನ ಕಿರಿಸ್ತಾನರ ಕೇರಿಯಲ್ಲಿ ಎಲ್ಲರೂ ಒಪ್ಪುತ್ತಿದ್ದರು. ಕಾಫಿ ಕಾರ್ಖಾನೆಯಲ್ಲಿ ಬೀಜ ಆಯುವ ಹೆಂಗಸರ ಪೈಕಿ ಅವಳೊಬ್ಬಳು. ಬಸುರಿಯೊಬ್ಬಳನ್ನು ಮೇಸ್ತ್ರಿ ಬಿಸಿಲಲ್ಲಿ ನಿಲ್ಲಿಸಿದ ದಿನ, ಕೆಂಪಾಜಮ್ಮ ತನ್ನ ಮೊರವನ್ನು ಬೋರಲು ಹಾಕಿ ಕಾರ್ಖಾನೆಯ ಬಾಗಿಲಲ್ಲಿ ಕಾಲು ನೀಡಿ ಕೂತುಬಿಟ್ಟಿದ್ದಳು. ದೊರೆಯೇ ಬಂದು ಮೇಸ್ತ್ರಿಯನ್ನು ಗದರಿಸಿದ ಮೇಲೆ ಎದ್ದದ್ದು. ಗಂಡ ತೀರಿಕೊಂಡಿದ್ದ. ಹಾಸಿಗೆ ಹಿಡಿದ ತಾಯಿ ಮರಮ್ಮನನ್ನು ಜೊತೆಯಲ್ಲಿಟ್ಟುಕೊಂಡು ಬಾಳುತ್ತಿದ್ದಳು. ಕಿರಿಸ್ತಾನಳಾಗುವಾಗ ದೀಕ್ಷಾಸ್ನಾನದಲ್ಲಿ ಪಾದ್ರಿಗಳು ಕೆಂಪಾಜಮ್ಮನಿಗೆ ಸಾರಮ್ಮ ಎಂದು ಹೆಸರಿಟ್ಟಿದ್ದರು, ಪಾಪ. ಆ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಮಹಾರಾಜರ ಬೆಳ್ಳಿಹಬ್ಬ ಮುಗಿದು ಕೆಲವು ವರ್ಷಗಳಾಗಿದ್ದವು. ಆಗ ಮಾನಂತವಾಡಿ ಕಡೆಯಿಂದ ಹೆಗ್ಗಡದೇವನಕೋಟೆಯ ದಾರಿ ಹಿಡಿದು ಚಾಕೋ ಎಂಬ ಉಪದೇಶಿಗಳು ಈ ಕೇರಿಗೆ ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಕಂಕುಳಲ್ಲಿ ಸತ್ಯವೇದವೆಂಬ ಬೈಬಲ್ಲು, ಮಲಯಾಳ ಬೆರೆತ ಕನ್ನಡ. ಕೆಟ್ಟ ಮನುಷ್ಯರಲ್ಲ. ಜ್ವರ ಬಂದವರ ಪಕ್ಕದಲ್ಲಿ ಕೂತು ಗಂಜಿ ಕುಡಿಸುವವರು, ಹಾಡಿದರೆ ಎತ್ತುಗಳೂ ಮೇವು ಬಿಟ್ಟು ಕಿವಿಗೊಡುವಂಥ ಕಂಠದವರು. ಆದರೆ ಅವರು ಬಂದ ಮೇಲೆ ಕೇರಿ ಮೊದಲಿನ ಹಾಗೆ ಉಳಿಯಲಿಲ್ಲ.

ಅಲ್ಲಿಯವರೆಗೆ ಕೇರಿಯವರಿಗೆ ದೀಕ್ಷಾಸ್ನಾನವೆಂದರೆ ಮಿಷನ್ನಿನ ಪಾಸ್ಟರು ಬಟ್ಟಲಿನಿಂದ ತಲೆಗೆ ಚಿಮುಕಿಸುವ ನೀರು. ಉಪದೇಶಿಗಳು ಅದನ್ನು ಒಪ್ಪಲಿಲ್ಲ. ಬುದ್ಧಿ ಬಂದ ಮೇಲೆ, ಪಾಪವನ್ನು ಅರಿಕೆ ಮಾಡಿಕೊಂಡು, ಹರಿಯುವ ನೀರಿನಲ್ಲಿ ಪೂರ್ತಿ ಮುಳುಗಿ ಎದ್ದವನಿಗೇ ದೀಕ್ಷಾಸ್ನಾನ, ಅವನಿಗೇ ನರಕದಿಂದ ರಕ್ಷಣೆ, ಅಂಥವರು ಕೂಡಿದ್ದೇ ದೇವರ ಸಭೆ, ಉಳಿದವರದು ತಲೆ ಒದ್ದೆಯಾದದ್ದು ಅಷ್ಟೇ ಎಂದರು. ಪಾಸ್ಟರು ಸುಮ್ಮನಿರುತ್ತಾರೆಯೇ? ಭಾನುವಾರದ ಆರಾಧನೆಯಲ್ಲಿ ಅವರೂ ಗುಡುಗಿದರು. ದೀಕ್ಷಾಸ್ನಾನ ದೇವರ ವಾಗ್ದಾನ, ಅದನ್ನು ನೀರಿನ ಅಳತೆಯಿಂದ ತೂಗಬೇಡಿ ಎಂದರು. ಎರಡನೇ ಸಲ ದೀಕ್ಷೆಗೆಂದು ಮುಳುಗಿದವನು ಮೊದಲನೆಯದನ್ನು ಉಗಿದು ಬಂದವನು, ಅವನು ಸಭೆಯವನಲ್ಲ, ಸಭೆಯ ಸಮಾಧಿ ತೋಟದಲ್ಲಿ ಅವನಿಗೆ ಜಾಗವೂ ಇಲ್ಲ ಎಂದರು. ಇಬ್ಬರ ಬಾಯಲ್ಲೂ ಅವೇ ಮಾತುಗಳು, ಇಬ್ಬರ ಕೈಯಲ್ಲೂ ಅದೇ ಪುಸ್ತಕ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಇದ್ದ ಒಂದು ಹಿಡಿ ಮನೆಗಳಲ್ಲಿ ಮುಳುಗಿದವರು ಬೇರೆ, ಚಿಮುಕಿಸಿಕೊಂಡವರು ಬೇರೆ ಎಂದಾಯಿತು. ಒಲೆ ಹಚ್ಚಲು ಪಕ್ಕದ ಮನೆಯಿಂದ ಕೆಂಡ ತರುವುದು ನಿಂತಿತು. ಕಾರ್ಖಾನೆಯಲ್ಲಿ ಹೆಂಗಸರು ಬೆನ್ನಿಗೆ ಬೆನ್ನು ಕೊಟ್ಟು ಕೂತು ಬೀಜ ಆಯತೊಡಗಿದರು. ದೇವರು ಇದನ್ನೆಲ್ಲ ನೋಡಿ ನಕ್ಕನೋ ಅತ್ತನೋ ನಾನರಿಯೆ, ಕೆಂಪಾಜಮ್ಮನಿಗಂತೂ ಮೈ ಉರಿಯಿತು.

ಉರಿಯಲು ಕಾರಣ ಅವಳ ಮನೆಯಲ್ಲೇ ಇತ್ತು. ಕೇರಿಯಲ್ಲೇ ಬೇರೆ ಮನೆ ಮಾಡಿಕೊಂಡು, ಗಾಡಿ ಹೊಡೆದು ಕಾಫಿ ಮೂಟೆ ಸಾಗಿಸುತ್ತಿದ್ದ ಅವಳ ತಮ್ಮ ಯೋಹಾನ ಲಕ್ಷ್ಮಣತೀರ್ಥ ಹೊಳೆಯಲ್ಲಿ ಮುಳುಗಿ ಎದ್ದಿದ್ದ. ಮುಳುಗಿದ ದಿನದಿಂದ ಹೆಂಡದಂಗಡಿಯ ಕಡೆ ತಲೆ ಹಾಕಿರಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿರಲಿಲ್ಲ. ಇದನ್ನು ಕೆಂಪಾಜಮ್ಮ ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದಳು. ಆದರೆ ಅವನು ಈಗ ಅವ್ವನ ಹಾಸಿಗೆಯ ಪಕ್ಕದಲ್ಲಿ ಅಕ್ಕನ ಜೊತೆ ಪ್ರಾರ್ಥನೆಗೆ ಕೂರುತ್ತಿರಲಿಲ್ಲ. ದೂರದಲ್ಲಿ ನಿಂತು, ಮುಳುಗದ ಅವ್ವನನ್ನು ನೋಡಿ ಕಣ್ಣು ಒರೆಸಿಕೊಂಡು ಹೋಗುತ್ತಿದ್ದ.

ಧನುರ್ಮಾಸದ ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಗಾಡಿ ಬಂದು ಮನೆಯ ಮುಂದೆ ನಿಂತಿತು. ಗಾಡಿಯಲ್ಲಿ ಹುಲ್ಲು ಹಾಸಿ ಮೇಲೆ ಕಂಬಳಿ ಹೊದಿಸಿತ್ತು. ಯೋಹಾನ ಇಳಿದು ಬಾಗಿಲಿಗೆ ಬಂದ.

"ಅವ್ವನ್ನ ಒಳೆಗೆ ಕರ್ಕೊಂಡೋಗ್ತೀನಿ ಕಣಕ್ಕ. ಉಪದೇಶಿಗಳು ಅಲ್ಲೇ ಕಾಯ್ತಾವ್ರೆ. ಒಂದೇ ಒಂದು ಮುಳುಗು."

ಕೆಂಪಾಜಮ್ಮ ಹೊಸಿಲ ಮೇಲೆ ಕೂತಳು. "ಈ ಚಳೀಲಿ ಮುಳುಗ್ಸುದ್ರೆ ಅವ್ವ ಮ್ಯಾಕೆ ಏಳ್ತಾಳೇನ್ಲಾ?"

"ಏಳ್ದೆ ಓದ್ರೂ ಪರಲೋಕಕ್ಕೋಗ್ತಾಳೆ. ಇಂಗೇ ಸತ್ರೆ ಎಲ್ಲಿಗೋಗ್ತಾಳೆ, ನೀನೇ ಯೋಳು." ಅವನು ನಾಟಕ ಆಡುತ್ತಿರಲಿಲ್ಲ. ಅವ್ವ ನರಕಕ್ಕೆ ಹೋಗುತ್ತಾಳೆಂದು ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು, ಅದು ಕೆಂಪಾಜಮ್ಮನಿಗೂ ಕಾಣುತ್ತಿತ್ತು.

"ಅಪ್ಪನ ಗೋರಿ ಪಕ್ಕ ಅವ್ವನ್ಗೆ ಜಾಗ ಅದೆ. ಒಳೇಲಿ ಮುಳುಗ್ಸುದ್ರೆ ಪಾಸ್ಟರು ಆ ಜಾಗಾನೂ ಕೊಡಾಕಿಲ್ಲ. ನೀನು ಬದುಕಿರೋಳ್ನೂ ಕೊಲ್ತೀಯ, ಸತ್ತೋನ್ನೂ ಒಂಟಿ ಮಾಡ್ತೀಯ. ಗಾಡಿ ತಿರುಗ್ಸು."

ಒಳಗಿನಿಂದ ಮರಮ್ಮ ಕೆಮ್ಮಿದಳು. ಅವಳ ಮೈಯಲ್ಲಿ ಮೂಳೆ ಚರ್ಮ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಆದರೆ ಕಿವಿ ಚುರುಕಾಗಿತ್ತು, ನಾಲಗೆ ಅದಕ್ಕಿಂತ ಚುರುಕು.

"ಅವ್ನನ್ನ ಒಳೀಕ್ ಬುಡು ಕೆಂಪಿ. ಬಾ ಮಗ, ಕುಂತ್ಕೊ. ನೀನು ಆಗ ಕೂಸು, ನಿಂಗೆ ಗೊತ್ತಿಲ್ಲ."

ಯೋಹಾನ ಬಂದು ಕೂತ. ಮರಮ್ಮ ತಡೆದು ತಡೆದು ಹೇಳಿದಳು.

"ಆಗ ನಾವು ಬೆಟ್ಟದಪುರದ ಕಡೆ ಇದ್ವಿ. ಕೇರಿಯೋರೆಲ್ಲ ಪಾದ್ರಿ ಕಡೆ ಸೇರ್ತೀವಿ ಅಂತ ಗೊತ್ತಾಗಿದ್ದೇ ತಡ, ಊರಗೌಡ ನಮ್ ಕಟ್ಟೆ ಸುತ್ತ ಮುಳ್ಳಾಕ್ಸ್ದ. ಕುಡಿಯಾಕೂ ನೀರಿಲ್ಲ. ಪಾದ್ರಿ ಬಂದವ್ರೆ, ಬಟ್ಲು ಬರಿದು. ಇನ್ನೊಂದಿನ ಮಾಡಾನ ಅಂದ್ರು. ನಾನು ಒಪ್ನಿಲ್ಲ. ನೀನು ಸೊಂಟದ್ ಮ್ಯಾಲೆ, ಮಡಕೆ ತಲೆ ಮ್ಯಾಲೆ. ಬೆಟ್ಟ ಬಳಸ್ಕೊಂಡೋಗಿ ಆ ಕಡೆ ಅಳ್ಳದಿಂದ ನೀರು ತಂದೆ. ಬರೋವಾಗ ಗೌಡನ ಆಳ್ಗೋಳು ಕಲ್ಲು ಬೀರುದ್ರು. ಮಡಕೆ ಕಂಠ ಆರೋಯ್ತು, ನೀರು ಚೆಲ್ಲೋಯ್ತು. ತಳದಲ್ಲಿ ಉಳ್ದಿದ್ದು ಒಸಿ. ಅದ್ರಲ್ಲೇ ಕೇರಿಗೆಲ್ಲ ಆಯ್ತು. ನಿನ್ ತಲೆಗೂ ಅದೇ ನೀರು."

ಆ ದಿನ ಅವ್ವನ ಸೆರಗು ಹಿಡಿದು ಹಿಂದೆ ನಡೆದವಳು ಕೆಂಪಾಜಮ್ಮ. ಮಡಕೆಯ ನೀರು ಅವ್ವನ ಬೆನ್ನ ಮೇಲೆ ಇಳಿದದ್ದು, ಅದರ ಜೊತೆಗೆ ಕೆಂಪಗೆ ರಕ್ತವೂ ಇಳಿದದ್ದು ಅವಳ ಕಣ್ಣಲ್ಲಿ ಇನ್ನೂ ಇತ್ತು. ಅವ್ವ ಮಾತ್ರ ರಕ್ತದ ವಿಷಯ ಎತ್ತಲಿಲ್ಲ.

ಯೋಹಾನ ತಲೆ ತಗ್ಗಿಸಿಕೊಂಡೇ ಹೇಳಿದ. "ನೀನು ಕಷ್ಟ ಪಟ್ಟೆ ಅವ್ವ. ಆದ್ರೆ ಅದು ದೀಕ್ಷಾಸ್ನಾನ ಅಲ್ಲ. ಪುಸ್ತಕದಲ್ಲಿ ಅಂಗಿಲ್ಲ."

"ಅಲ್ವಾ? ಅಂಗಾದ್ರೆ ನಾನು ಒತ್ಕೊಂಡು ಬಂದಿದ್ದು ಏನ್ಲಾ ಮಗ?"

ಯೋಹಾನ ಒಪ್ಪಲಿಲ್ಲ. ಎದ್ದು ಹೋಗಿ ಖಾಲಿ ಗಾಡಿಯನ್ನು ಹೊಡೆದುಕೊಂಡು ಹೋದ, ಮತ್ತೆ ಆ ಮನೆಯ ಕಡೆ ಬರಲಿಲ್ಲ.

ಸಂಕ್ರಾಂತಿಗೆ ಮುಂಚೆಯೇ ಮರಮ್ಮ ತೀರಿಕೊಂಡಳು. ಬೆಳಗಾಗುತ್ತಲೇ ಪಾಸ್ಟರು ಬಂದರು. ಮರಮ್ಮ ನಮ್ಮ ಸಭೆಯವಳು, ಗಂಡನ ಪಕ್ಕದಲ್ಲೇ ಸಮಾಧಿ ಮಾಡೋಣ, ಆದರೆ ಯೋಹಾನ ಹೆಣಕ್ಕೆ ಹೆಗಲು ಕೊಡುವಂತಿಲ್ಲ ಎಂದರು. ಅತ್ತ ಉಪದೇಶಿಗಳು ರಕ್ಷಣೆ ಹೊಂದದೆ ಸತ್ತವಳ ಮನೆಗೆ ನಮ್ಮವರು ಹೋಗುವುದು ಬೇಡ ಎಂದು ತಮ್ಮವರಿಗೆ ಹೇಳಿದ್ದರು. ಹೆತ್ತ ತಾಯಿಗೆ ಮಗನನ್ನು ಇಲ್ಲದ ಹಾಗೆ ಮಾಡುವುದರಲ್ಲಿ ಮಾತ್ರ ಇಬ್ಬರಿಗೂ ಎಂಥ ಒಮ್ಮತ, ನೋಡಿ!

ಕೆಂಪಾಜಮ್ಮ ಅಳಲಿಲ್ಲ. ಅಳುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ ಎಂದುಕೊಂಡಳು. ಅವ್ವನ ಮೈಗೆ ಹಾಕುವ ನೀರಿಗೆಂದು ಕೊಡ ಎತ್ತಿಕೊಂಡು ಹೊಳೆಗೆ ಹೋದಳು. ಹಿತ್ತಲ ಬಾವಿಯ ನೀರೇ ಸಾಕೆಂದು ನೆರೆಯ ರಾಚಮ್ಮ ಹೇಳಿದರೂ ಕೇಳಲಿಲ್ಲ. ಅವ್ವ ಹೊತ್ತ ಹಾಗೆ ತಲೆಯ ಮೇಲೆ ಹೊತ್ತು ತಂದು, ಕೊಡವನ್ನು ಅಂಗಳದಲ್ಲಿ ಇಳಿಸಿ, ಪಾಸ್ಟರ ಎದುರಿಗೆ ಹೊಸಿಲ ಮೇಲೆ ಕೂತಳು.

"ನನ್ ತಮ್ಮ ಬಂದು ನೀರಾಕಿ, ಎಗ್ಲು ಕೊಡೋಗಂಟ ನಮ್ಮವ್ವ ಇಲ್ಲಿಂದ ಏಳಾಕಿಲ್ಲ, ಅಯ್ಯನೋರೆ."

"ಸಾರಮ್ಮ, ಸಭೆಗೆ ಒಂದು ಶಿಸ್ತು ಅಂತ ಇದೆ."

"ಇರ್ಲಿ ಬುಡಿ. ಶಿಸ್ತೂ ಕಾಯ್ಲಿ, ನಾನೂ ಕಾಯ್ತೀನಿ."

ಪಾಸ್ಟರು ಬಿಸಿಲು ನೋಡಿದರು, ನೆರೆದ ಜನರನ್ನು ನೋಡಿದರು, ಹೊಸಿಲ ಮೇಲಿದ್ದ ಆ ಹೆಂಗಸನ್ನೂ ನೋಡಿದರು. ಬಹಳ ಹೊತ್ತಿನ ಮೇಲೆ, ಸಮಾಧಿ ತೋಟದ ಗೇಟಿನಿಂದ ಈಚೆಗೆ ಯಾರು ಹೊರುತ್ತಾರೆಂದು ವಿಚಾರಿಸುವುದು ತಮ್ಮ ಕೆಲಸವಲ್ಲ ಎಂದು ಗೊಣಗಿ, ಹೊಂಗೆ ಮರದ ನೆರಳಿಗೆ ಹೋಗಿ ಆ ಕಡೆ ಮುಖ ಮಾಡಿ ಕೂತರು. ಅಷ್ಟು ಸಾಕಾಯಿತು. ಅಕ್ಕಪಕ್ಕದ ಹೆಂಗಸರಿಗೆ ನೀರು ಹಾಕಲು ಹೇಳಿ, ಕೆಂಪಾಜಮ್ಮ ನೇರವಾಗಿ ತಮ್ಮನ ಮನೆಗೆ ನಡೆದಳು.

ಯೋಹಾನ ಜಗುಲಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಚಾಕೋ ಉಪದೇಶಿಗಳು. ಅವನ ಕಣ್ಣು ಊದಿಕೊಂಡಿತ್ತು.

"ಉಪದೇಶಿಗಳು ನಿಂಗೆ ರಕ್ಷಣೆ ಕೊಡ್ಸವ್ರೆ, ನಾನು ಬ್ಯಾಡ ಅನ್ನಾಕಿಲ್ಲ," ಎಂದಳು ಕೆಂಪಾಜಮ್ಮ. "ಎದೆಹಾಲು ಕೊಟ್ಟೋಳು ಅಲ್ಲಿ ಮನಗವ್ಳೆ. ಏಳು."

ಉಪದೇಶಿಗಳು ಏನೋ ಹೇಳಲು ಹೊರಟು, ಯೋಹಾನನ ಮುಖ ನೋಡಿ ಸುಮ್ಮನಾದರು. ಅದೊಂದಕ್ಕಾಗಿ ಕೆಂಪಾಜಮ್ಮ ಅವರನ್ನು ಕೊನೆಯವರೆಗೂ ಒಳ್ಳೆಯ ಮನುಷ್ಯರೆಂದೇ ಹೇಳುತ್ತಿದ್ದಳು. ಕೇರಿ ಮುಂದೆಯೂ ಎರಡಾಗಿಯೇ ಉಳಿಯಿತು, ಮುಚ್ಚಿಡುವುದೇಕೆ? ಯೋಹಾನ ಅವರ ಸಭೆಯಲ್ಲೇ ಉಳಿದ, ಅಕ್ಕ ಪಾಸ್ಟರ ಸಭೆಯಲ್ಲೇ ಉಳಿದಳು. ಆದರೆ ಅಂದು ಅವನು ಎದ್ದ. ಹೆಗಲ ಮೇಲೆ ಟವಲು ಹಾಕಿಕೊಂಡು ಅಕ್ಕನ ಹಿಂದೆ ನಡೆದ.

ಅಂಗಳದಲ್ಲಿ ಹಲಗೆಯ ಮೇಲೆ ಮರಮ್ಮನನ್ನು ಬಿಳಿ ಸೀರೆಯಲ್ಲಿ ಸುತ್ತಿ ಮಲಗಿಸಿದ್ದರು. ನೆಂಟರು, ನೆರೆಯವರು ಒಬ್ಬೊಬ್ಬರೇ ಬಂದು ಚೊಂಬಿನಲ್ಲಿ ನೀರು ಹಾಕಿ ಸರಿದಿದ್ದರು. ಮುಳುಗಿದವರ ಪೈಕಿ ಯಾರೂ ಬಂದಿರಲಿಲ್ಲ. ಯೋಹಾನ ಬರುವ ಹೊತ್ತಿಗೆ ಅವನೊಬ್ಬನೇ ಬಾಕಿ. ಕೊಡವನ್ನು ಓರೆ ಮಾಡಿ ಚೊಂಬು ಹಿಡಿದ. ತಳದಲ್ಲಿದ್ದದ್ದೆಲ್ಲ ಬಂದರೂ ಚೊಂಬು ಅರ್ಧವೂ ತುಂಬಲಿಲ್ಲ. ಬಾವಿಯ ಕಡೆ ಓಡಲು ಹೊರಟ ರಾಚಮ್ಮನನ್ನು ಕೆಂಪಾಜಮ್ಮ ಕೈ ಹಿಡಿದು ನಿಲ್ಲಿಸಿದಳು.

ಯೋಹಾನ ಚೊಂಬಿನೊಳಗೆ ನೋಡಿದ. "ನೀರು ಒಸೀನೇ ಅದೆ ಕಣಕ್ಕ."

"ಅವತ್ತೂ ಇಷ್ಟೇ ಇತ್ತು ಕಣ್ಲಾ," ಎಂದಳು ಕೆಂಪಾಜಮ್ಮ. "ಸುರಿ."

ಅವನು ಅವ್ವನ ತಲೆಯ ಮೇಲೆ ಸುರಿದ. ಆಮೇಲೆ ಚೊಂಬನ್ನು ಬೋರಲು ಹಾಕಿ, ಮುಂದಿನ ಹೆಗಲಿಗೆ ಹೋಗಿ ನಿಂತ.