ಮೂರನೆಯ ಮೆಟ್ಟಿನ ಹೆಸರು

ಸೆವಿಲ್ಯದ ದಕ್ಷಿಣಕ್ಕಿರುವ ಆ ಸಣ್ಣ ಊರಿನ ನೃತ್ಯಶಾಲೆಯಲ್ಲಿ ಅನ್ಸೆಲ್ಮೊ ಇಪ್ಪತ್ತಾರು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು ಗಿಟಾರ್ ನುಡಿಸುತ್ತಿದ್ದ. ಕನ್ನಡಿಯ ಮುಂದೆ ಹುಡುಗಿಯರು ಹಿಮ್ಮಡಿ ಬಡಿಯುತ್ತಿದ್ದರು, ಪಕ್ಕದಲ್ಲಿ ಫ್ರಾಸ್ಕೊ ಹಾಡುತ್ತಿದ್ದ, ತಂತಿಯ ಮೇಲೆ ಇವನ ಕೈ ಅವರ ಹಿಂದೆಯೇ ನಡೆಯುತ್ತಿತ್ತು. ಯಾವ ತಂತಿಯಲ್ಲಿ ಯಾವ ಸ್ವರ ಕೂತಿದೆ ಎಂದು ಯಾರೂ ಅವನನ್ನು ಕೇಳಿರಲಿಲ್ಲ.

ಕಲಿಸಿದ್ದು ಅಪ್ಪ. ಬೆರಳು ಹಿಡಿದು ತಂತಿಯ ಮೇಲೆ ಕೂರಿಸುತ್ತಿದ್ದ, ತಪ್ಪಿದರೆ ಕೆಮ್ಮುತ್ತಿದ್ದ. ಅವನ ಬಾಯಲ್ಲಿ ಹೆಸರಿದ್ದದ್ದು ಕೈ ಕೂರುವ ಎರಡು ಬಗೆಗೆ ಮಾತ್ರ: ‘ಮೇಲಿನದು’, ‘ನಡುವಿನದು’. ಹಾಡುವವನ ಗಂಟಲು ಏರಿದರೆ ಗಿಟಾರಿನ ಕೊರಳಿಗೆ ಬಿಗಿಯುವ ಪಟ್ಟಿಯನ್ನು ಒಂದೆರಡು ಮೆಟ್ಟು, ಎಂದರೆ ಕೊರಳಿನ ಒಂದೆರಡು ಅಡ್ಡಗೆರೆ, ಸರಿಸಿದರಾಯಿತು. ಪಟ್ಟಿ ಎಲ್ಲಿದೆಯೋ ಅಲ್ಲಿಂದಲೇ ಗಿಟಾರ್ ಶುರು. ನಡುವಿನದು ಎಲ್ಲಿ ಕೂತರೂ ನಡುವಿನದೇ.

ಆ ವರ್ಷ ನೃತ್ಯಶಾಲೆಗೆ ಹೊಸ ನಿಯಮ ಬಂತು. ಅಕ್ಟೋಬರಿನಿಂದ ಪ್ರಮಾಣಪತ್ರ ಇದ್ದವರಿಗೇ ಕುರ್ಚಿ. ಪರೀಕ್ಷೆಯಲ್ಲಿ ಆರು ತಂತಿಗಳ ಪ್ರತಿ ಮೆಟ್ಟಿನ ಸ್ವರವನ್ನೂ ಬಾಯಲ್ಲಿ ಹೇಳಬೇಕು. ಅನ್ಸೆಲ್ಮೊಗೆ ಐವತ್ತನಾಲ್ಕು, ಬೇರೆ ಕಸುಬು ತಿಳಿಯದು.

ಮಗಳು ಅರಾಸೆಲಿ ಹೈಸ್ಕೂಲಿನಲ್ಲಿ ಸಂಗೀತ ಓದಿದ್ದಳು. ಮಧ್ಯಾಹ್ನದ ಊಟವಾಗಿ ಊರೆಲ್ಲ ಕಿಟಕಿಯ ಪರದೆ ಇಳಿಸಿ ಮಲಗುವ ಹೊತ್ತಿನಲ್ಲಿ ಅವನನ್ನು ಎದುರು ಕೂರಿಸಿಕೊಳ್ಳುತ್ತಿದ್ದಳು.

“ಅಪ್ಪ, ಬೆರಳು ತೋರಿಸ್ಬೇಡ. ಬಾಯಿ ಬಿಡು.”

“ಕೈಗೆ ಗೊತ್ತಿದೆ ಕಣೇ.”

“ಪರೀಕ್ಷೆಗೆ ನಿನ್ ಕೈ ಒಂದೇ ಹೋಗುತ್ತಾ?”

ದೋ, ರೆ, ಮಿ, ಫಾ, ಸೋಲ್, ಲಾ, ಸಿ: ಸ್ವರಕ್ಕೆ ಏಳೇ ಹೆಸರು. ಮಿ ಮತ್ತು ಫಾ ನಡುವೆ ಖಾಲಿ ಮೆಟ್ಟಿಲ್ಲ, ಸಿ ಮತ್ತು ದೋ ನಡುವೆಯೂ ಇಲ್ಲ. ಮಿಕ್ಕ ಕಡೆ ಒಂದೊಂದು ಬಿಡಬೇಕು. ಹನ್ನೆರಡನೆಯ ಮೆಟ್ಟಿಗೆ ಬಂದರೆ ಬೆರಳಿಡದೆ ಬಿಟ್ಟ ತಂತಿಯ ಹೆಸರೇ ಮತ್ತೆ. ಯಾವ ತಂತಿಯಲ್ಲಿ ಹೊರಟರೂ ಹೊರಟಲ್ಲಿಗೇ ಬಂದು ನಿಲ್ಲುವುದು ಅವನಿಗೆ ಉಸಿರು ಕಟ್ಟಿಸುತ್ತಿತ್ತು. ಬ್ರೆಡ್ಡಿನ ಸಾಲಿನಲ್ಲಿ ನಿಂತು ಗೊಣಗುವಾಗ ಅಂಗಡಿಯವಳು ಯಾರ ಜೊತೆ ಜಗಳ ಎಂದು ವಿಚಾರಿಸಿದಳು. ಗೋಡೆಯ ಜೊತೆ ಎಂದ.

ಜೂನಿನಲ್ಲಿ ಸೆವಿಲ್ಯದಲ್ಲಿ ಪರೀಕ್ಷೆ. ಬೀದಿಯ ಸದ್ದು ಬಾರದಿರಲೆಂದು ಕಿಟಕಿ ಮುಚ್ಚಿದ ಕೋಣೆ. ಪರೀಕ್ಷಕಿ ಮೆತ್ತಗಿನ ಮಾತಿನ ಹೆಂಗಸು.

“ಐದನೇ ತಂತಿ, ಮೂರನೇ ಮೆಟ್ಟು?”

“ದೋ.”

ಹೀಗೇ ಇಪ್ಪತ್ತು ಪ್ರಶ್ನೆ. ಒಂದೂ ತಪ್ಪಲಿಲ್ಲ. ಕೊನೆಗೆ ಆಕೆ, ಹಾಡುವವರಿಗೆ ನುಡಿಸುವಂತೆ ಏನಾದರೂ ನುಡಿಸಿ ಎಂದಳು. ಅನ್ಸೆಲ್ಮೊನ ಭುಜ ಸಡಿಲವಾಯಿತು. ಫ್ರಾಸ್ಕೊನ ಗಂಟಲಿಗೆ ಒಗ್ಗುವ ಮೂರನೆಯ ಮೆಟ್ಟಿಗೆ ಪಟ್ಟಿ ಬಿಗಿದು ನಡುವಿನದನ್ನು ನುಡಿಸಿದ. ಆಕೆ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, ಈಗ ಬೆರಳಿಡದೆ ಮೀಟಿದರೆ ಐದನೇ ತಂತಿಯ ಸ್ವರ ಯಾವುದು ಎಂದಳು.

“ಲಾ.”

ಪೆನ್ನು ನಿಂತಿತು. “ಪಟ್ಟಿ ಮೂರರಲ್ಲಿದೆ.”

“ಎಲ್ಲಿದ್ರೇನು ಮೇಡಂ, ಬಿಟ್ಟ ತಂತಿ ಲಾ ತಾನೆ?”

ಪಟ್ಟಿ ತೆಗೆದು ಅದೇ ಜಾಗ ಒತ್ತಿ ನೋಡಿ ಎಂದಳು. ಒತ್ತಿದ. ಅದೇ ಸದ್ದು. ಸ್ವಲ್ಪ ಹೊತ್ತಿನ ಹಿಂದೆ ಆ ಜಾಗವನ್ನು ದೋ ಎಂದಿದ್ದವನೂ ಅವನೇ. ಈಗಲೂ ದೋ ಎಂದುಬಿಟ್ಟರೆ ಇಷ್ಟು ವರ್ಷ ತಾನು ಎಲ್ಲಿದ್ದೆನೆಂದು ತನಗೇ ತಿಳಿದಿರಲಿಲ್ಲ ಎಂದು ಒಪ್ಪಿದಂತೆ, ಅಪ್ಪನಿಗೂ ತಿಳಿದಿರಲಿಲ್ಲ ಎಂದಂತೆ. ಲಾ ಎಂದರೆ ಕುರ್ಚಿ ಹೋಯಿತು. ಆಕೆ ಅವಸರ ಮಾಡಲಿಲ್ಲ. ಅದೇ ಕಷ್ಟವಾಯಿತು.

“ದೋ,” ಎಂದ.

ಪ್ರಮಾಣಪತ್ರ ಬಂತು. ಅರಾಸೆಲಿ ಅದಕ್ಕೆ ಚೌಕಟ್ಟು ಹಾಕಿಸಿದಳು.

ಅಕ್ಟೋಬರಿನ ಮೊದಲ ತರಗತಿ. ನಡುವಿನದು, ಮೂರರಲ್ಲಿ ಎಂದ ಫ್ರಾಸ್ಕೊ. ಅನ್ಸೆಲ್ಮೊ ಪಟ್ಟಿ ಬಿಗಿದ. ಹುಡುಗಿಯರು ಕುಣಿಯಲು ಕೈ ಎತ್ತಿದರು. ಅವನ ಕೈ ಹೊರಟಿತು, ಆದರೆ ಅದಕ್ಕಿಂತ ಮೊದಲು ದೋ ಎದ್ದು ಬಂದು ಅಡ್ಡ ನಿಂತಿತು. ಅದನ್ನು ದಾಟಿದರೆ ಇನ್ನೊಂದು ಹೆಸರು. ಹಿಮ್ಮಡಿ ಬಿದ್ದ ಮೇಲೆ ತಂತಿಗೆ ಇವನ ಪೆಟ್ಟು ಬಿತ್ತು.

ಫ್ರಾಸ್ಕೊ ಹಾಡು ನಿಲ್ಲಿಸಿದ. “ಏನಯ್ಯಾ, ಕೈಗೆ ಕನ್ನಡಕ ಹಾಕ್ಸಿದೀಯಾ?”

ಹುಡುಗಿಯರು ನಕ್ಕರು. ಅನ್ಸೆಲ್ಮೊನೂ ನಕ್ಕ. ಮತ್ತೆ ಮೊದಲಿನಿಂದ ಹಿಡಿದ. ಕಣ್ಣು ಮುಚ್ಚಿದ, ತೆರೆದ, ಅವರ ಪಾದವನ್ನೇ ನೋಡಿದ. ಹೆಸರುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು, ಒಂದೂ ತಪ್ಪಿಲ್ಲದೆ. ತರಗತಿ ಮುಗಿಯುವುದು ಒಂಬತ್ತಕ್ಕೆ. ಗೋಡೆಯ ಗಡಿಯಾರದಲ್ಲಿ ಇನ್ನೂ ಐದೂ ಹತ್ತು.