ಹಾಲೆಂಡಿನ ಕೋಟೆ ಹಿಡಿದು ನಿಂತ ಬದ್ರೋದ್ದೀನ

ಬೆಳಗಿನ ಆರು ಗಂಟೆ. ಭಾಲ್ಕಿ ಸ್ಟೇಷನ್ ಹಾದಿಯ ಫೋಟೋ ಅಂಗಡಿಯ ಅಂಗಳದಲ್ಲಿ ಒಂದು ಕೋಟೆ ಏಳುತ್ತಿದೆ. ಎರಡು ಬಿದಿರು, ಒಂದು ಹಗ್ಗ, ಹತ್ತಡಿ ಮಾದರಪಾಟು ಬಟ್ಟೆಯ ಪರದೆ. ಏಳಿಸುತ್ತಿರುವವರು ಅಂಗಡಿಯ ಪರದೆ ಕೆಲಸದ ಬದ್ರೋದ್ದೀನ, ವಯಸ್ಸು ಐವತ್ತೆಂಟು. ಇಲ್ಲಿ ಎಳೆಬಿಸಿಲೇ ದೀಪ. ಅದು ಏರಿದರೆ ಗಿರಾಕಿಗಳೆಲ್ಲ ಫೋಟೋದಲ್ಲಿ ಕಣ್ಣು ಮುಚ್ಚಿಯೇ ಅಮರರಾಗುತ್ತಾರೆ.

ಕೋಟೆ ನಮ್ಮ ಬೀದರಿನದಲ್ಲ. ಹಾಲೆಂಡಿನ ಚಿತ್ರಗಾರನೊಬ್ಬ ತನ್ನ ರಾಜನ ಕೋಟೆಯನ್ನು ದೂರದಿಂದ ನೋಡಿ ಬರೆದದ್ದು, ಕೋಕೋ ಡಬ್ಬಿಯ ಮುಚ್ಚಳ ಏರಿ ಇಲ್ಲಿಗೆ ಬಂದಿದೆ. ಹದಿನೆಂಟು ವರ್ಷದ ಹಿಂದೆ ಬದ್ರೋದ್ದೀನ ಅಂಟು, ಸುಣ್ಣ, ಮಸಿ ಕಲಸಿ ಅದನ್ನು ಪರದೆಗೆ ಇಳಿಸಿದರು. ಮುಗಿಲು ಮುಕ್ಕಾಲು, ಮಹಲು ಕಾಲು, ಕೆಳಗೊಂದು ಹಾಯಿದೋಣಿ.

"ಸಂತಪುರದ ಗೌಡ್ರೊಬ್ರು ಬೈದ್ರು ನೋಡ್ರಿ. ಇಷ್ಟು ಮೋಡ ಹಾಕೀರಿ, ಒಂದ್ ಹನಿನೂ ಬೀಳವಲ್ದಲ್ಲ ಅಂದ್ರು," ಎನ್ನುತ್ತಾರೆ ಬದ್ರೋದ್ದೀನ.

ಪ್ರತಿ ವರ್ಷ ಬಣ್ಣ ಉದುರುತ್ತದೆ, ಪ್ರತಿ ವರ್ಷ ಬಳಿಯುತ್ತಾರೆ. ನಿಜಾಮರನ್ನು ಇಳಿಸಿದ ಪೊಲೀಸ್ ಕಾರ್ಯಾಚರಣೆಯ ಗಲಾಟೆಯಲ್ಲಿ ಓಣಿ ಅರ್ಧ ಖಾಲಿಯಾದಾಗ ಅವರು ಹೊತ್ತು ನಡೆದದ್ದು ಈ ಪರದೆಯೊಂದನ್ನೇ. "ಹೊಲದಾಗ ಅದನ್ನ ಹೊದ್ದು ಮಲಗಿದ್ವಿರಿ. ಏಳು ಮಂದಿ, ಒಂದ ಕೋಟ್ಯಾಗ."

ಈಗ, ವರ್ಷ ಕಳೆದ ಮೇಲೆ, ಕೋಟೆಗೇ ಸಂಚಕಾರ. ಅಂಗಡಿ ಮಾಲೀಕ ಬಸವಣ್ಣೆಪ್ಪನವರಿಗೆ ರಾಜರೆಂದರೆ ದಿಗಿಲು ಹುಟ್ಟಿದೆ. "ನಿಜಾಮರ ದರ್ಬಾರ ಮುಗೀತು ಚಾಚಾ. ಯಾವನಾರ ಸಾಹೇಬ ಬಂದು ಇದು ಯಾರ ಮಹಲ್ ಅಂದ್ರ ಏನ್ ಹೇಳ್ಲಿ? ಸುಣ್ಣಾ ಬಳದುಬಿಡ್ರಿ."

ಹೋದ ಸೋಮವಾರ ಬದ್ರೋದ್ದೀನ ಸುಣ್ಣದ ಡಬ್ಬಿ ಹಿಡಿದು ನಿಂತೇಬಿಟ್ಟಿದ್ದರು. ಕುಂಚ ಮಾತ್ರ ಏಳಲಿಲ್ಲ. ಅಷ್ಟರಲ್ಲಿ ಔರಾದದ ಕಾವೇರಿಬಾಯಿ, ವರನ ಕಡೆಗೆ ಕಳಿಸುವ ಫೋಟೋಗೆಂದು ಕಿರಿಮಗಳನ್ನು ಕರೆತಂದರು.

"ಹಿರೇಕಿ ಈ ಕೋಟಿ ಮುಂದ ನಿಂತಿದ್ಳು, ಮೊದಲನೇ ಮನ್ಯಾಗ ಕೂಡಿ ಬಂತು. ಸಣ್ಣಾಕಿನ್ನ ಬರೇ ಗ್ವಾಡಿ ಮುಂದ ನಿಲ್ಲಸಂಗಿಲ್ಲ. ಬ್ಯಾಡಂದ್ರ ಹೇಳ್ರಿ, ಉದಗೀರಕ್ಕ ಹೋಗ್ತೇನಿ."

ಹೆಣ್ಣು ಹೆತ್ತ ಇನ್ನಿಬ್ಬರು ತಾಯಂದಿರು ಹಿಂದೆ ನಿಂತು ತಲೆಯಾಡಿಸಿದರು. ಬಸವಣ್ಣೆಪ್ಪ ರಾಜಿಗೆ ಬಂದರು: ಕೋಟೆ ಇರಲಿ, ನೆತ್ತಿಯ ಮೇಲೆ ತ್ರಿವರ್ಣ ಧ್ವಜ ಹಾರಲಿ.

ಒಳ್ಳೆಯ ಕೇಸರಿ, ಒಳ್ಳೆಯ ಹಸಿರು ಹುಡುಕಿ ಬದ್ರೋದ್ದೀನ ಬೀದರ ಪೇಟೆಯೆಲ್ಲ ಸುತ್ತಿದರು. ಚಿತ್ರದ ದೋಣಿಯ ಹಾಯಿ ಎಡಕ್ಕೆ ಉಬ್ಬಿದೆಯೆಂದು ಧ್ವಜವನ್ನೂ ಎಡಕ್ಕೇ ಹಾರಿಸಿದರು. ಫೋಟೋ ತೊಳೆದು ನೋಡಿದರೆ ಕೇಸರಿಯೂ ಬೂದಿ, ಹಸಿರೂ ಅದೇ ಬೂದಿ.

"ಸರಕಾರ ಬದಲಾಗಿದ್ದು ಕ್ಯಾಮೆರಾಕ್ಕ ಇನ್ನಾ ತಿಳಿದಿಲ್ರಿ," ಎನ್ನುತ್ತಾರೆ.

ಈ ಕೋಟೆಯ ಮುಂದೆ ನಿಮ್ಮದೊಂದು ಫೋಟೋ ಎಂದರೆ, "ಗಾಳಿ ಬಂದ್ರ ಹಿಂದಿನಿಂದ ಬಿದಿರು ಯಾರು ಹಿಡೀಬೇಕ್ರಿ?" ಎಂದು ನಗುತ್ತಾರೆ. ಆಮೇಲೆ ಒಳಗಿನಿಂದ ಕಾವೇರಿಬಾಯಿಯ ಹಿರಿಮಗಳ ಹಳೆಯ ಫೋಟೋ ತರುತ್ತಾರೆ. ಹುಡುಗಿಯ ಪಕ್ಕದಲ್ಲಿ, ಪರದೆಯ ಅಂಚಿನ ಕೆಳಗೆ, ಹತ್ತು ಕಾಲ್ಬೆರಳು.

"ಇವು ಯಾರ ಕಾಲು ಅಂತ ವರನ ಕಡೇವ್ರು ಕೇಳಿದ್ರಂತ. ಕೋಟಿ ಕಾವಲುಗಾರಂದು ಅಂದ್ರಂತ ಕಾವೇರಿಬಾಯಿಯವ್ರು. ಖರೇನ ಅದ ಅಲ್ರಿ?"